ಮತ್ತೆ ಚಿತ್ರ ಬಿಡಿಸಬೇಕಾ? ಒಂದು ಒಡೆದ ಬಕೆಟ್ ಸಾಕು

ನೋಟ್‌ಬುಕ್ಕಿನ ಕೊನೇ ಪುಟಗಳಲ್ಲಿ ಸದಾ ಏನಾದರೂ ಗೀಚುತ್ತಿದ್ದವರು ಅದನ್ನು ಯಾವಾಗ ಬಿಟ್ಟಿರಿ, ನೆನಪಿದೆಯಾ? ನನಗಂತೂ ಇಲ್ಲ. ಮತ್ತೆ ಶುರುವಾಗಿದ್ದು ಮಾತ್ರ ನೆನಪಿದೆ. ನಲ್ಲಿ ಪಕ್ಕ ಬಿದ್ದಿದ್ದ ಒಡೆದ ಬಕೆಟ್ ಎದುರು ಕೂತು, ಅದನ್ನೇ ಬಿಡಿಸಿದೆ. ಚೆನ್ನಾಗೇನೂ ಬರಲಿಲ್ಲ. ಆದರೆ ಎದ್ದಾಗ ಒಂದು ಗಂಟೆ ಕಳೆದುಹೋಗಿತ್ತು, ಮೊಬೈಲ್ ನೆನಪೇ ಆಗಿರಲಿಲ್ಲ.

ಸಾಮಾನು ಜಾಸ್ತಿ ಬೇಡ. ಒಂದು 2ಬಿ ಪೆನ್ಸಿಲ್, ಹನ್ನೆರಡು ಬಣ್ಣದ ಜಲವರ್ಣದ ಡಬ್ಬಿ, 8ನೇ ನಂಬರಿನ ದುಂಡು ಬ್ರಷ್, ನೀರಿಗೊಂದು ಡಬ್ಬಿ, ಹಳೇ ಬಟ್ಟೆಯ ತುಂಡು. ಉಳಿತಾಯ ಮಾಡಬಾರದ ಜಾಗ ಒಂದೇ, ಕಾಗದ. 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು ತಗೊಳ್ಳಿ. ತೆಳು ಕಾಗದ ನೀರು ಬಿದ್ದ ಕೂಡಲೇ ಉಬ್ಬಿ ಸುರುಟಿಕೊಳ್ಳುತ್ತದೆ. ಆಮೇಲೆ ನೀವು ನಿಮ್ಮ ಕೈಯನ್ನೇ ಬೈದುಕೊಳ್ಳುತ್ತೀರಿ. ಒಳ್ಳೇ ಕಾಗದದ ಮೇಲೆ ಅಗ್ಗದ ಬಣ್ಣ ಹೇಗೋ ನಡೆಯುತ್ತದೆ, ಅದರ ಉಲ್ಟಾ ನಡೆಯುವುದಿಲ್ಲ.

ನೆರಳಲ್ಲಿ ಕೂರಿ. ಬಿಸಿಲಲ್ಲಿ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಬಣ್ಣವೂ ಬೇಗ ಒಣಗುತ್ತದೆ. ಇಡೀ ಬೆಟ್ಟ, ಇಡೀ ಬೀದಿ ಹಿಡಿಯಲು ಹೋಗಬೇಡಿ. ಒಂದು ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ, ಒಂದು ಕಣ್ಣು ಮುಚ್ಚಿಕೊಂಡು ಅದರಲ್ಲಿ ಇಣುಕಿ. ಕಿಂಡಿಯೊಳಗೆ ಸಿಕ್ಕಿದ್ದಷ್ಟೇ ನಿಮ್ಮದು: ಗೇಟಿನ ಚಿಲಕ, ಒಂದು ಕೊಂಬೆ, ಯಾರದೋ ಚಪ್ಪಲಿ.

ಈಗ ಪೆನ್ಸಿಲ್. ಮೊದಲು ನೆರಳಿನ ಅಂಚು ಗುರುತು ಮಾಡಿಬಿಡಿ, ವಸ್ತು ಆಮೇಲೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೀವು ಬಕೆಟ್ಟಿನ ಹಿಡಿಕೆಯನ್ನು ಅಳಿಸಿ ತಿದ್ದಿ, ಮತ್ತೆ ಅಳಿಸಿ, ಕೊನೆಗೆ ತಲೆಯೆತ್ತುವಷ್ಟರಲ್ಲಿ ನೆರಳು ಇನ್ನೆಲ್ಲೋ ಹೋಗಿರುತ್ತದೆ. ಒಮ್ಮೆ ಗುರುತು ಮಾಡಿದ ಮೇಲೆ ಅದೇ ನೆರಳು, ಬದಲಾಯಿಸಬೇಡಿ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ. ಸಣ್ಣಪುಟ್ಟ ವಿವರ ಮಾಯವಾಗಿ ತಿಳಿ, ಮಧ್ಯಮ, ಕಡು ಅಂತ ಮೂರು ಪಾಲು ಉಳಿಯುತ್ತದೆ. ಆ ಮೂರು ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ.

ಬಣ್ಣ ಹಚ್ಚುವಾಗ ತಿಳಿಯಿಂದ ಕಡುವಿನ ಕಡೆಗೆ ಹೋಗಿ. ಬಿಳಿ ಅಂದರೆ ಖಾಲಿ ಕಾಗದ, ಹೊಳೆಯುವ ಜಾಗವನ್ನು ಮುಟ್ಟದೆ ಬಿಡಿ. ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಹಸಿಯಿರುವಾಗ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿದರೆ ಗಾಬರಿ ಬೇಡ. ನೆರಳಿಗೆ ಕಪ್ಪು ಬಳಸಬೇಡಿ, ಚಿತ್ರ ಸತ್ತೇ ಹೋಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಪು ಮಿಶ್ರಿತ ಕಂದು ಬೆರೆಸಿದರೆ ಒಳ್ಳೇ ಬೂದು ಬರುತ್ತದೆ. ಡಬ್ಬಿಯ ಹಸಿರು ಪ್ಲಾಸ್ಟಿಕ್ ಎಲೆಯಂತೆ ಕಾಣುತ್ತದೆ ಅಲ್ವಾ, ಅದಕ್ಕೂ ಇದೇ ಸಿಯೆನ್ನಾ ಒಂದು ಚೂರು ಸೇರಿಸಿ.

ಒಂದು ಪದರ ಹಚ್ಚಿದ ಮೇಲೆ ಕೈ ಕಟ್ಟಿ ಕೂರಬೇಕು. ಇದೇ ಕಷ್ಟದ ಭಾಗ. ಹೊಳಪು ಆರುತ್ತಿರುವಾಗ, ಅಂದರೆ ಅರ್ಧ ಒಣಗಿದಾಗ, ನೀರು ನೀರಾದ ಬ್ರಷ್ ತಾಗಿಸಿದರೆ ಮಳೆಗೆ ನೆನೆದ ಗೋಡೆಯ ಕಲೆಯ ಹಾಗೆ ಸೊಟ್ಟ ಅಂಚು ಹರಡುತ್ತದೆ. ನನ್ನ ಮೊದಲ ಹತ್ತು ಚಿತ್ರ ಹಾಳಾಗಿದ್ದು ಹೀಗೇ, ಬರೀ ಅವಸರದಿಂದ. ಅಂಚಿಗೆ ಬೆರಳಿನ ಹಿಂಭಾಗ ಸೋಕಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ.

ಕಾಯುವಾಗ ಫೋನ್ ತೆಗೆಯಬೇಡಿ, ಸುಮ್ನೆ ಎದುರಿಗಿರುವುದನ್ನು ನೋಡುತ್ತಾ ಇರಿ. ಆ ಬಕೆಟ್ಟಿನ ನೆರಳು ಕಪ್ಪಲ್ಲ, ನೀಲಿ, ಅದರ ಬುಡದಲ್ಲಿ ಬಕೆಟ್ಟಿನದೇ ಕೆಂಪು ಒಂಚೂರು ಹಾಯ್ದಿದೆ ಅಂತ ನನಗೆ ಗೊತ್ತಾಗಿದ್ದು ಹಾಗೆ ಕೂತಾಗಲೇ. ಆ ಕೆಂಪನ್ನು ಎಲ್ಲಿ ಹಾಕಲಿ, ಎಷ್ಟು ಹಾಕಲಿ ಅಂತ ತಲೆ ತಾನಾಗಿ ಓಡತೊಡಗುತ್ತದೆ. ಇಷ್ಟು ವರ್ಷ ಕಾಣೆಯಾಗಿದ್ದದ್ದು ಇದೇ ಓಟ.

ಯಾರಾದರೂ ಹಿಂದೆ ಬಂದು ಇಣುಕುತ್ತಾರೆ. ಇಣುಕಲಿ ಬಿಡಿ. ಮುಗಿಯಿತು ಅನ್ನಿಸುವ ಸ್ವಲ್ಪ ಮೊದಲೇ ಬ್ರಷ್ ತೊಳೆದಿಡಿ. ಮೂಲೆಯಲ್ಲಿ ತಾರೀಖು, ಹೊತ್ತು ಬರೆಯಿರಿ. ಮುಂದಿನ ವಾರ ಅದೇ ಜಾಗ, ಆದರೆ ಸಂಜೆ.