ಅದಿರಿನ ಲಾರಿ, ಡ್ರೋನಿನ ಬೋಲ್ಟು: ಬೀಳುವ ವಸ್ತುವಿನ ಲೆಕ್ಕವನ್ನು ನಾನು ಮಾಡಿಸುವ ಬಗೆ

ಬಳ್ಳಾರಿಯಲ್ಲಿ ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಭೌತವಿಜ್ಞಾನ ಬೋಧಿಸುವ ನಾನು, ಬೀಳುವ ವಸ್ತುವಿನ ಲೆಕ್ಕಗಳನ್ನು ಸೂತ್ರದಿಂದ ಆರಂಭಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಮೊದಲು ಹಾಳೆಯ ನಡುವೆ ಒಂದು ಗೆರೆ ಎಳೆಸುತ್ತೇನೆ. ಎಡಕ್ಕೆ ವೇಗೋತ್ಕರ್ಷವಿರುವ, ಅಂದರೆ ವೇಗ ಬದಲಾಗುತ್ತಿರುವ ಚಲನೆ, ಬಲಕ್ಕೆ ಏಕರೂಪ ವೇಗದ ಚಲನೆ. ಗೆರೆ ದಾಟಿ ಹೋಗಬಹುದಾದದ್ದು ಕಾಲವೊಂದೇ.

ಸಂಡೂರಿನ ಅದಿರಿನ ಲಾರಿಗಳನ್ನು ನೋಡದ ಮಕ್ಕಳು ನಮ್ಮಲ್ಲಿ ಇಲ್ಲವಾದ್ದರಿಂದ ಲೆಕ್ಕವನ್ನೂ ಅಲ್ಲಿಂದಲೇ ಕಟ್ಟುತ್ತೇನೆ. ಲಾರಿಯೊಂದು ಗಂಟೆಗೆ 36 ಕಿ.ಮೀ. ಏಕರೂಪ ವೇಗದಲ್ಲಿ ಸೇತುವೆಯತ್ತ ಬರುತ್ತಿದೆ. ಅದರ ಅದಿರಿನ ರಾಶಿಗಿಂತ 4.9 ಮೀಟರ್ ಮೇಲಿರುವ ಸೇತುವೆಯಿಂದ ಕೈಬಿಟ್ಟ ಹರಳು ರಾಶಿಯ ನಡುವೆ ಬೀಳಬೇಕಾದರೆ, ಬಿಡುವ ಕ್ಷಣದಲ್ಲಿ ಲಾರಿ ಎಷ್ಟು ದೂರದಲ್ಲಿರಬೇಕು? (ಇದನ್ನು ಹಾಳೆಯ ಮೇಲಷ್ಟೇ ಮಾಡತಕ್ಕದ್ದು ಎಂದು ಮೊದಲೇ ಹೇಳಿರುತ್ತೇನೆ.) ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎಡಗಡೆಯಲ್ಲಿ ಹರಳು ಬೀಳುವ 4.9 ಎಂಬುದು ಗುರುತ್ವ ವೇಗೋತ್ಕರ್ಷವಾದ 9.8ರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು; ಕಾಲ 1 ಸೆಕೆಂಡ್. ಬಲಗಡೆಯಲ್ಲಿ ಲಾರಿಯ ವೇಗ ಸೆಕೆಂಡಿಗೆ 10 ಮೀಟರ್. ದೂರ 10 ಮೀಟರ್.

ಹಲವರು ಹರಳಿನ ಅಂತಿಮ ವೇಗವಾದ 9.8 ಅನ್ನು 1 ಸೆಕೆಂಡಿನಿಂದ ಗುಣಿಸಿ, 4.9 ಮೀಟರ್ ಬಿದ್ದ ಹರಳನ್ನು 9.8 ಮೀಟರ್ ಬೀಳಿಸಿಬಿಡುತ್ತಾರೆ. ವೇಗವನ್ನು ಕಾಲದಿಂದ ನೇರವಾಗಿ ಗುಣಿಸುವ ಹಕ್ಕು ಬಲಗಡೆಗೆ ಮಾತ್ರ ಉಂಟು. ಎಡಗಡೆಯಲ್ಲಿ ಗುಣಿಸಲೇಬೇಕೆಂದರೆ ಸರಾಸರಿ ವೇಗ ಬೇಕು, ಸೊನ್ನೆಗೂ 9.8ಕ್ಕೂ ಸರಾಸರಿ 4.9. ಆಮೇಲೆ ಎತ್ತರವನ್ನು 19.6 ಮೀಟರಿಗೆ ಏರಿಸುತ್ತೇನೆ: ಎತ್ತರ ನಾಲ್ಕು ಪಟ್ಟಾದರೂ ಕಾಲ ಎರಡೇ ಪಟ್ಟಾಗಿ, ಲಾರಿ 20 ಮೀಟರ್ ದೂರದಲ್ಲಿರಬೇಕಾಗುತ್ತದೆ.

ಧನ, ಋಣ ಚಿಹ್ನೆಯ ವಿಷಯಕ್ಕೆ ಸಿರುಗುಪ್ಪದ ಭತ್ತದ ಗದ್ದೆಗೆ ಹೋಗುತ್ತೇನೆ. ಔಷಧಿ ಸಿಂಪಡಿಸುವ ಡ್ರೋನ್ ಸೆಕೆಂಡಿಗೆ 4.9 ಮೀಟರಿನಂತೆ ಮೇಲೇರುತ್ತಿರುವಾಗ, 9.8 ಮೀಟರ್ ಎತ್ತರದಲ್ಲಿ ಅದರ ಬೋಲ್ಟೊಂದು ಕಳಚಿಕೊಳ್ಳುತ್ತದೆ. ಬಿದ್ದದ್ದೆಲ್ಲಕ್ಕೂ ಆರಂಭಿಕ ವೇಗ ಸೊನ್ನೆ ಎಂದು ಬರೆದವರಿಗೆ ಸುಮಾರು 1.41 ಸೆಕೆಂಡ್ ಸಿಗುತ್ತದೆ. ಆದರೆ ಕಳಚಿದ ಕ್ಷಣದಲ್ಲಿ ಬೋಲ್ಟಿಗೂ ಡ್ರೋನಿನ ಮೇಲ್ಮುಖ ವೇಗವೇ ಇರುತ್ತದೆ. ಕೆಳಮುಖ ದಿಕ್ಕನ್ನು ಧನಾತ್ಮಕವೆಂದೂ ಕಾಲವನ್ನು ಟಿ ಎಂದೂ ಇಟ್ಟುಕೊಂಡರೆ, 9.8 = −4.9 ಟಿ + 4.9 ಟಿ², ಅಂದರೆ ಟಿ² − ಟಿ − 2 = 0. ಉತ್ತರ 2 ಸೆಕೆಂಡ್.

ಈ ಸಮೀಕರಣದ ಇನ್ನೊಂದು ಮೂಲವಾದ (ಅದನ್ನು ಸರಿಹೊಂದಿಸುವ ಇನ್ನೊಂದು ಬೆಲೆಯಾದ) −1 ಅನ್ನು ಹೊಡೆದುಹಾಕಲು ನಾನು ಬಿಡುವುದಿಲ್ಲ. ಕಳಚುವುದಕ್ಕೆ 1 ಸೆಕೆಂಡ್ ಮೊದಲು ಅದೇ ಬೋಲ್ಟನ್ನು ನೆಲದಿಂದ ಸೆಕೆಂಡಿಗೆ 14.7 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದರೂ, ಅದು ಅದೇ ಕ್ಷಣದಲ್ಲಿ, ಅದೇ ಎತ್ತರದಲ್ಲಿ, ಅದೇ ವೇಗದಿಂದ ಮೇಲೇರುತ್ತಿರುತ್ತಿತ್ತು.