ರೋಮನ್ ಸೇನಾ ಪದಗಳಿಗೆ ಕನ್ನಡ ಕೈಪಿಡಿ ಕಟ್ಟುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ರೋಮಿನ ಇತಿಹಾಸ ಕಲಿಸುವವರಿಗೆ ಒಂದೇ ಪದ ಹಲವು ದಾರಿಯಿಂದ ಬಂದು ತಲುಪುತ್ತದೆ. ರೋಮನ್ ಸೇನೆಯ ತುಕಡಿಯ ನಾಯಕನನ್ನು ಇಂಗ್ಲಿಷ್ ಪುಸ್ತಕ ನೋಡಿದವರು ‘ಸೆಂಚುರಿಯನ್’ ಎನ್ನುತ್ತಾರೆ. ಮಲಯಾಳ ಪುಸ್ತಕ ನೋಡಿದವರು ಅದೇ ಇಂಗ್ಲಿಷ್ ರೂಪವನ್ನು ಮಲಯಾಳದ ಅಕ್ಷರ ಹಿಡಿದು ಬರೆಯುತ್ತಾರೆ. ಇಗರ್ಜಿಯ ಲ್ಯಾಟಿನ್ ಬಲ್ಲವರು ‘ಚೆಂತುರಿಯೋ’ ಎನ್ನುತ್ತಾರೆ. ಮೂರೂ ಒಂದೇ ಪುಸ್ತಕದಲ್ಲಿ ಬೆರೆತರೆ ಮಕ್ಕಳಿಗೆ ಮೂರು ಬೇರೆ ಹುದ್ದೆಗಳಂತೆ ಕಾಣುತ್ತವೆ. ಇದಕ್ಕೆ ಪರಿಹಾರ ಲ್ಯಾಟಿನ್ ಮೂಲದಿಂದಲೇ ಕಟ್ಟಿದ ಕನ್ನಡ ಪದಕೋಶ. ಅಧ್ಯಾಪಕರ, ಅನುವಾದಕರ ಸಣ್ಣ ಗುಂಪಿಗೆ ಇನ್ನೂರು ಪದಗಳಿಂದ ಶುರುಮಾಡುವುದು ನಿಭಾಯಿಸಬಹುದಾದ ಕೆಲಸ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ರೋಮನ್ ಸೇನೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬದುಕಿತು. ಪದಗಳು ಉಳಿದವು, ಅವು ಹೇಳುವ ವಸ್ತು ಬದಲಾಯಿತು. ಕಾಲ ನಮೂದಿಸದ ವಿವರಣೆ ಅರ್ಧ ತಪ್ಪು ಎಂದೇ ತಿಳಿಯಬೇಕು. ನಾಲ್ಕು ಗುರುತು ಸಾಕು: ಗಣರಾಜ್ಯ ಕಾಲದಲ್ಲಿ ಸೇನಾನಾಯಕ ಮಾರಿಯುಸ್‌ಗಿಂತ ಮೊದಲು (ಕ್ರಿ.ಪೂ. 107ರವರೆಗೆ) ‘ಗ1’, ಅಲ್ಲಿಂದ ಕ್ರಿ.ಪೂ. 27ರವರೆಗೆ ‘ಗ2’, ಅಲ್ಲಿಂದ ಕ್ರಿ.ಶ. 284ರವರೆಗೆ ‘ಸಾ’ (ಸಾಮ್ರಾಜ್ಯ), ಆಮೇಲಿನದು ‘ಕೊ’ (ಕೊನೆಯ ಕಾಲ). ಈ ಗುರುತು ಪದದ ಪಕ್ಕದಲ್ಲಲ್ಲ, ಪ್ರತಿಯೊಂದು ಅರ್ಥದ ಪಕ್ಕದಲ್ಲಿ ಬರಲಿ. ಏಕೆಂದು ರೋಮನ್ ಸೇನೆಯ ದೊಡ್ಡ ಪಡೆಯ ಹೆಸರಾದ ‘ಲೆಗಿಯೋ’ ಪದದಲ್ಲೇ ನೋಡಬಹುದು:

ಲೆಗಿಯೋ, ಷಷ್ಠಿ ಲೆಗಿಯೋನಿಸ್, ಸ್ತ್ರೀಲಿಂಗ. ಆರಿಸಿ ಕೂಡಿಸು ಎಂಬ ಧಾತುವಿನಿಂದ.
ಗ1: ಇತಿಹಾಸಕಾರ ಪೋಲಿಬಿಯುಸ್ ಹೇಳುವಂತೆ 4200 ಕಾಲಾಳು, 300 ಕುದುರೆ ಸವಾರರು. ಕಾಲಾಳುಗಳಲ್ಲಿ ಮೊದಲ ಸಾಲಿನ ಹಸ್ತಾತೀ 1200, ಎರಡನೆಯ ಸಾಲಿನ ಪ್ರಿಂಕಿಪೇಸ್ 1200, ಮೂರನೆಯ ಸಾಲಿನ ತ್ರಿಯಾರಿಯೀ 600, ಹಗುರ ಆಯುಧದ ವೇಲಿತೇಸ್ 1200.
ಸಾ: 10 ಕೊಹೊರ್ಸ್ (ಲೆಗಿಯೋದ ವಿಭಾಗ). ಎರಡರಿಂದ ಹತ್ತರವರೆಗಿನ ಪ್ರತಿ ಕೊಹೊರ್ಸಿನಲ್ಲಿ 6 ಕೆಂತುರಿಯ (ತುಕಡಿ), ತಲಾ 80 ಮಂದಿ. ಮೊದಲನೆಯದರಲ್ಲಿ ಇಮ್ಮಡಿ ಗಾತ್ರದ 5. ಒಟ್ಟು ಸುಮಾರು 5120, ಜತೆಗೆ 120 ಸವಾರರು.
ಕೊ: ಸಾವಿರದ ಆಸುಪಾಸು.
ಎಚ್ಚರಿಕೆ: ಕೆಂತುರಿಯ ಎಂದರೆ ನೂರು ಎಂದು ಬರೆಯಬೇಡಿ.

ಕೊನೆಯ ಸಾಲು ಬಹಳ ಮುಖ್ಯ. ಹೆಸರಿನಲ್ಲಿ ನೂರು ಇದೆ, ಸಾಲಿನಲ್ಲಿ ನಿಂತವರು ಎಂಬತ್ತು. ಎಂಟು ಮಂದಿಯ ಒಂದು ಡೇರೆ ಕೊಂತುಬೆರ್ನಿಯುಮ್, ಅಂಥ ಹತ್ತು ಸೇರಿ ಒಂದು ಕೆಂತುರಿಯ. ನೂರು ಎಂದು ಹಿಡಿದು ಗುಣಿಸಿದರೆ ಲೆಗಿಯೋನ್ 6000 ದಾಟುತ್ತದೆ, ಲೆಕ್ಕವೆಲ್ಲ ಕೆಡುತ್ತದೆ.

ಯಂತ್ರಗಳ ಹೆಸರು ಇನ್ನೂ ಮೋಸದವು. ಮೊದಲ ಕಾಲದಲ್ಲಿ ಕತಪುಲ್ತ ಬಾಣ ಎಸೆಯುತ್ತಿತ್ತು, ಬಲ್ಲಿಸ್ತ ಕಲ್ಲು ಎಸೆಯುತ್ತಿತ್ತು. ನಾಲ್ಕನೆಯ ಶತಮಾನದ ಇತಿಹಾಸಕಾರ ಅಮ್ಮಿಯಾನುಸ್ ಬರೆಯುವ ಹೊತ್ತಿಗೆ ಬಲ್ಲಿಸ್ತ ಬಾಣದ ಯಂತ್ರವಾಗಿದೆ, ಕಲ್ಲಿನ ಕೆಲಸ ಒನಗೆರ್ ಪಾಲಿಗೆ ಬಂದಿದೆ. ಬಲ್ಲಿಸ್ತಕ್ಕೆ ‘ಕವಣೆಯಂತ್ರ’ ಎಂಬ ಒಂದೇ ಅರ್ಥ ಕೊಟ್ಟ ಕೋಶ ಅಮ್ಮಿಯಾನುಸ್‌ನನ್ನು ಅನುವಾದಿಸುವವರಿಗೆ ದಾರಿ ತಪ್ಪಿಸುತ್ತದೆ.

ಈಗ ಲಿಪ್ಯಂತರ. ನಮ್ಮ ಲಿಪಿಯಲ್ಲಿ ಹ್ರಸ್ವ ದೀರ್ಘ ಎರಡಕ್ಕೂ ಅಕ್ಷರವಿದೆ, ಎ-ಏ, ಒ-ಓ ಸಹ. ಲ್ಯಾಟಿನ್ನಿಗೆ ಇದು ದೊಡ್ಡ ಅನುಕೂಲ, ಬಿಟ್ಟುಕೊಡಬಾರದು. ಪೆದೆಸ್ ಎಂದರೆ ಕಾಲಾಳು, ಪೆದೇಸ್ ಎಂದರೆ ಪಾದಗಳು. ಪೀಲುಸ್ ಎಂಬುದು ಸೇನೆಯ ತುಕಡಿಗೆ ಸಂಬಂಧಿಸಿದ್ದು (ಹಿರಿಯ ಕೆಂತುರಿಯೋನನ್ನು ಪ್ರೀಮುಸ್ ಪೀಲುಸ್ ಎನ್ನುತ್ತಿದ್ದರು), ಪಿಲುಸ್ ಎಂದರೆ ಕೂದಲು. ಪೀಲುಮ್ ಎಸೆಯುವ ಭರ್ಜಿ. ರೋಮನ್ ಲಿಪಿಯ ಸಾಮಾನ್ಯ ಮುದ್ರಣದಲ್ಲಿ ಈ ಭೇದ ಕಾಣುವುದಿಲ್ಲ. ಹಾಗಾಗಿ ದೀರ್ಘ ಗುರುತು ಹಾಕಿದ ನಿಘಂಟು ನೋಡಿಯೇ ಬರೆಯಬೇಕು, ಕಿವಿಯನ್ನು ನಂಬಬಾರದು. ಒತ್ತಕ್ಷರದ ಹಿಂದಿನ ಸ್ವರದ ಉದ್ದ ಹಳೆಯ ನಿಘಂಟುಗಳಲ್ಲಿ ಹೆಚ್ಚಾಗಿ ಗುರುತಾಗಿರುವುದಿಲ್ಲ. ಅಲ್ಲಿ ಎಲ್ಲರೂ ಹ್ರಸ್ವವೆಂದೇ ಬರೆಯುವ ನಿಯಮ ಇಟ್ಟುಕೊಳ್ಳಿ.

ವ್ಯಂಜನಗಳಿಗೆ ಪ್ರಾಚೀನ ಉಚ್ಚಾರಣೆ ಹಿಡಿಯುವುದು ಒಳ್ಳೆಯದು: ಎ, ಇ ಸ್ವರಗಳ ಮುಂದೆಯೂ ಲ್ಯಾಟಿನ್ನಿನ c ಕಕಾರವೇ, g ಗಕಾರವೇ. ಕೆಂತುರಿಯೋ, ಲೆಗಿಯೋ. ದಂತ್ಯಕ್ಕೆ ತ, ದ ಬಳಸಿ. ‘ಟ’ ಬಂದರೆ ಇಂಗ್ಲಿಷ್ ನುಸುಳಿದೆ ಎಂದರ್ಥ. ‘ಅಎ’ ಜೋಡಿಸ್ವರಕ್ಕೆ ಐ: ಪ್ರೈಫೆಕ್ತುಸ್, ಪ್ರೈತೋರಿಯುಮ್. ಪದದ ಕೊನೆಯಲ್ಲಿ ಅನುಸ್ವಾರ ಬೇಡ, ‘ಮ್’ ಬರೆಯಿರಿ. ‘ವಲ್ಲುಮಿನ ಮೇಲೆ’ ಎಂದು ಪ್ರತ್ಯಯ ಹಚ್ಚಲು ಸುಲಭ, ಅಕಾರಾದಿಯಲ್ಲೂ ಸ್ಥಾನ ಕದಲುವುದಿಲ್ಲ.

ಷಷ್ಠೀ ರೂಪ ಕೊಡದೆ ಯಾವ ನಾಮಪದವನ್ನೂ ಬಿಡಬೇಡಿ. ಮೀಲೆಸ್ (ಸೈನಿಕ) ನೋಡಿದವರಿಗೆ ಮೀಲಿತಿಸ್ ಊಹಿಸಲಾಗದು. ವಚನದ ತೊಡಕೂ ಇದೆ. ಕಸ್ತ್ರ ರೂಪದಲ್ಲಿ ಬಹುವಚನ, ಅರ್ಥದಲ್ಲಿ ಒಂದು ಪಾಳೆಯ. ‘ಕಸ್ತ್ರಗಳು’ ಎಂದು ಬರೆದರೆ ಹಲವು ಪಾಳೆಯ ಎಂದಾಗುತ್ತದೆ. ಏಕವಚನದ ಕಸ್ತ್ರುಮ್ ಕೋಟೆಯ ಅರ್ಥಕ್ಕೆ ಹೋಗುತ್ತದೆ.

ಕನ್ನಡ ಸಮಾನಪದ ಆರಿಸುವಾಗ ನಮ್ಮಲ್ಲಿ ಸಂಪತ್ತಿಗೆ ಕೊರತೆಯಿಲ್ಲ, ಆತುರದ್ದೇ ಅಪಾಯ. ಕಸ್ತ್ರಕ್ಕೆ ಪಾಳೆಯ ಒಪ್ಪುತ್ತದೆ, ಕೋಟೆ ಒಪ್ಪುವುದಿಲ್ಲ. ಬೇಕಲಕೋಟೆ ಕಂಡ ಮಕ್ಕಳಿಗೆ ಕೋಟೆ ಎಂದರೆ ಸಮುದ್ರದಂಚಿನ ಮುರಕಲ್ಲಿನ ಗೋಡೆ, ಕೊತ್ತಲ, ಬುರುಜು. ಹದಿನೇಳನೆಯ ಶತಮಾನದ ಆ ಕೆಳದಿ ಕೋಟೆ ಕಡಲ ದಂಡೆಯ ಆಕಾರ ಹಿಡಿದು ಸಾಗುತ್ತದೆ. ರೋಮನ್ನರ ನಡೆಪಾಳೆಯವೋ ಸಂಜೆ ಅಳೆದು, ಅಗೆದು, ಬೆಳಿಗ್ಗೆ ಬಿಟ್ಟು ಹೊರಡುವ ಚೌಕ. ಅದರ ಭಾಗಗಳಿಗೆ ಮಾತ್ರ ಬೇಕಲದಲ್ಲಿ ಕೈ ತೋರಿಸಿ ಹೇಳಬಹುದಾದ ಪದಗಳನ್ನು ಧಾರಾಳವಾಗಿ ಬಳಸಿ: ಫೊಸ್ಸ ಕಂದಕ, ತುರ್ರಿಸ್ ಬುರುಜು, ಮೂರುಸ್ ಕಲ್ಲುಗೋಡೆ. ಅಗ್ಗೆರ್ ಮಣ್ಣಿನ ದಿಬ್ಬ, ವಲ್ಲುಮ್ ಆ ದಿಬ್ಬ ಮತ್ತು ಅದರ ಮೇಲಿನ ಗೂಟಬೇಲಿ ಸೇರಿದ ರಕ್ಷಣೆ. ಅಳತೆ ಇದ್ದಲ್ಲಿ ಮೀಟರಿನಲ್ಲೂ ಕೊಡಿ. ಸೇನಾಶಾಸ್ತ್ರ ಬರೆದ ವೆಗೆತಿಯುಸ್ ಶತ್ರುಭಯ ಹೆಚ್ಚಿದ್ದಾಗ 12 ಅಡಿ ಅಗಲ, 9 ಅಡಿ ಆಳದ ಕಂದಕ ಹೇಳುತ್ತಾನೆ. ರೋಮನ್ ಅಡಿ ಸುಮಾರು 29.6 ಸೆಂಟಿಮೀಟರು, ಆದ್ದರಿಂದ ಅದು 3.55 ಮೀಟರು ಅಗಲ, 2.66 ಮೀಟರು ಆಳ.

ಲೆಗಿಯೋನಿಗೆ ಅಕ್ಷೌಹಿಣಿ ಎಂದು ಬರೆಯುವ ಆಸೆ ಬರುತ್ತದೆ. ಬೇಡ. ಅಕ್ಷೌಹಿಣಿಯಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಲೆಗಿಯೋನಿನ ಬೆನ್ನೆಲುಬು ಕಾಲಾಳು ಮಾತ್ರ. ಸಕ್ರಾಮೆಂತುಮ್ ಎಂಬ ಸೈನಿಕ ಪ್ರಮಾಣಕ್ಕೆ ‘ವೇಳೆವಾಳಿ’ಯೂ ಸಲ್ಲದು. ಒಡೆಯ ಸತ್ತರೆ ಜತೆಗೆ ಸಾಯುವ ವ್ರತ ಅದು, ರೋಮನ್ ಸೈನಿಕ ಹಾಗೆ ಆಣೆ ಇಡಲಿಲ್ಲ. ‘ಸೈನಿಕ ಪ್ರಮಾಣ’ ಎಂದು ಬರೆದು, ಕ್ರೈಸ್ತರಲ್ಲಿ ಅದೇ ಪದ ಸಂಸ್ಕಾರವಿಧಿಯ ಹೆಸರಾಯಿತೆಂದು ಒಂದು ಸಾಲು ಸೇರಿಸಿದರೆ ಸಾಕು. ಹಳೆಯ ಯುದ್ಧಪದಗಳನ್ನು ಹುಡುಕಲು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಂದಿಗೂ ಉಪಯುಕ್ತ. ಸರಿಯಾದ ಪದ ಸಿಗದಿದ್ದರೆ ಲ್ಯಾಟಿನ್ನನ್ನೇ ಉಳಿಸಿ.

ಆಕರಗಳಲ್ಲೂ ಹಳ್ಳಗಳಿವೆ. ಪೋಲಿಬಿಯುಸ್ ಬರೆದದ್ದು ಗ್ರೀಕಿನಲ್ಲಿ. ಅವನ ಅಂಕಿ ತೆಗೆದುಕೊಳ್ಳಿ, ಆದರೆ ಲ್ಯಾಟಿನ್ ಪದದ ಪ್ರಯೋಗಕ್ಕೆ ಅವನನ್ನು ಸಾಕ್ಷಿ ಮಾಡಬೇಡಿ. ವೆಗೆತಿಯುಸ್ ಬಹಳ ತಡವಾಗಿ ಬಂದವನು, ಹಿಂದಿನ ಹಲವು ಕಾಲಗಳನ್ನು ಒಂದರೊಳಗೊಂದು ಬೆರೆಸಿದ್ದಾನೆ. ಅವನ ಮಾತನ್ನು ನೇರವಾಗಿ ಸೀಸರನ ಕಾಲಕ್ಕೆ ಹಚ್ಚಬಾರದು. ಆಕ್ಸ್‌ಫರ್ಡ್ ಲ್ಯಾಟಿನ್ ನಿಘಂಟು ಸುಮಾರು ಕ್ರಿ.ಶ. 200ಕ್ಕೆ ನಿಲ್ಲುತ್ತದೆ. ‘ಕೊ’ ಗುರುತಿನ ಪದಗಳಿಗೆ 1879ರ ಲೂಯಿಸ್ ಮತ್ತು ಶಾರ್ಟ್ ನಿಘಂಟು ಬೇಕೇ ಬೇಕು. ಇನ್ನು ಲೋರೀಕ ಸೆಗ್ಮೆಂತಾತ: ಪಟ್ಟಿಗಳ ಆ ಕವಚ ನಿಜ, ಹೆಸರು ಮಾತ್ರ ಮುಂದಿನ ಕಾಲದ ವಿದ್ವಾಂಸರು ಇಟ್ಟದ್ದು. ಇಂಥವಕ್ಕೆ ನಕ್ಷತ್ರಚಿಹ್ನೆ ಹಾಕಿ.

ಶಾಸನದ ಸಂಕ್ಷೇಪಗಳಿಗೆ ಪ್ರತ್ಯೇಕ ಪುಟವಿರಲಿ. ‘ಮಿಲ್’ ಎಂದು ಕೆತ್ತಿದ್ದು ಮೀಲೆಸ್ ಇರಬಹುದು, ಸಾವಿರದ ಪಡೆ ಎಂಬ ವಿಶೇಷಣವೂ ಇರಬಹುದು. ಎರಡು ‘ಪ’ ಜೋಡಿ ಪ್ರೀಮುಸ್ ಪೀಲುಸ್ ಆಗಬಹುದು, ಚಕ್ರವರ್ತಿಯ ಹೆಸರಿನ ಜತೆ ಬಂದರೆ ‘ದೇಶದ ತಂದೆ’ ಎಂಬ ಬಿರುದು.

ಬೆರಳಚ್ಚಿನ ವಿಷಯ: ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಮೊದಲೇ ಯುನಿಕೋಡಿಗೆ ಬದಲಾಯಿಸಿ. ಇಲ್ಲದಿದ್ದರೆ ಅಕಾರಾದಿ ಜೋಡಣೆ ಕೆಡುತ್ತದೆ. ‘ಪ್ರೈಫೆಕ್ತುಸ್‌ನ’ ಎಂಬಲ್ಲಿ ಒತ್ತು ಬಿಡಿಸಲು ಬಳಸುವ ಕಣ್ಣಿಗೆ ಕಾಣದ ಅಕ್ಷರವನ್ನು ಎಲ್ಲರೂ ಒಂದೇ ರೀತಿ ಹಾಕಿ. ಒಬ್ಬರು ಹಾಕಿ ಒಬ್ಬರು ಬಿಟ್ಟರೆ ಹುಡುಕಾಟದಲ್ಲಿ ಪದ ಸಿಗುವುದಿಲ್ಲ.

ಅಚ್ಚಿಗೆ ಕೊಡುವ ಮುನ್ನ ಕೋಶ ಕಟ್ಟದ ಒಬ್ಬರ ಕೈಗೆ ಕೊಟ್ಟು ಪರೀಕ್ಷಿಸಿ. ಸೀಸರನ ಗಾಲ್ ಯುದ್ಧದ ಎರಡನೆಯ ಪುಸ್ತಕ, ಇಪ್ಪತ್ತನೆಯ ಅಧ್ಯಾಯ ಇದಕ್ಕೆ ಹೇಳಿಮಾಡಿಸಿದ್ದು. ಕೆಲವೇ ಸಾಲುಗಳಲ್ಲಿ ವೆಕ್ಸಿಲ್ಲುಮ್ (ಬಾವುಟ), ತುಬ (ಕಹಳೆ), ಅಕಿಯೇಸ್ (ಯುದ್ಧದ ಸಾಲು), ಅಗ್ಗೆರ್ ಬರುತ್ತವೆ, ಸಿಗ್ನುಮ್ ಎರಡು ಸಲ ಬರುತ್ತದೆ. ಅಲ್ಲಿ ಸೈನಿಕರು ತುಸು ದೂರ ಹೋದದ್ದು ‘ಅಗ್ಗೆರ್’ ತರಲು. ದಿಬ್ಬವನ್ನು ಯಾರೂ ಹೊತ್ತು ತರುವುದಿಲ್ಲ. ಇಲ್ಲಿ ಅದು ದಿಬ್ಬ ಕಟ್ಟುವ ಸಾಮಗ್ರಿ. ಸಿಗ್ನುಮ್ ಕೂಡ ಇಲ್ಲಿ ಧ್ವಜವಲ್ಲ, ಸಂಕೇತ. ಪರೀಕ್ಷಿಸಿದವರು ನಿಮ್ಮ ಕೋಶ ನೋಡಿಯೂ ‘ದಿಬ್ಬ ತರಲು ಹೋದರು’ ಎಂದು ಅನುವಾದಿಸಿದರೆ ತಪ್ಪು ಅವರದ್ದಲ್ಲ. ಅಗ್ಗೆರ್ ಕೆಳಗೆ ಎರಡನೆಯ ಅರ್ಥ ಸೇರಿಸಿ, ‘ಗ2’ ಗುರುತು ಹಾಕಿ, ಈ ಅಧ್ಯಾಯದ ಸಂಖ್ಯೆ ಬರೆಯಿರಿ.