ಎನ್‌ಎಫ್‌ಎಲ್ ತಂಡದ ಖರ್ಚಿನ ಲೆಕ್ಕ ನೋಡುವುದು ಹೇಗೆ?

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್. ಶಿವಮೊಗ್ಗದಲ್ಲಿ ಕೂತು ಅದನ್ನು ನೋಡುವವರು ಕಡಿಮೆ, ಗೊತ್ತು. ಆದರೆ ಅಡಿಕೆ ಮಂಡಿಯ ಲೆಕ್ಕ ಬಲ್ಲವರಿಗೆ ಇದು ಸಲೀಸು.

ಮೊದಲು ತಂಡಗಳ ಮಾಲೀಕರಿಗೂ ಆಟಗಾರರಿಗೂ ಆದ 2011ರ ಒಪ್ಪಂದ ಹಿಡಿದುಕೊಳ್ಳಿ. ಮಾರ್ಚ್‌ನಲ್ಲಿ ಮಾಲೀಕರೇ ಲಾಕೌಟ್ ಮಾಡಿ ಆಟಗಾರರಿಗೆ ಬಾಗಿಲು ಹಾಕಿದರು, ಜುಲೈ 25ಕ್ಕೆ ರಾಜಿಯಾಗಿ 10 ವರ್ಷದ ಒಪ್ಪಂದ ಆಯಿತು. ಆ ವರ್ಷ ಒಂದು ತಂಡದ ಸಂಬಳದ ಮಿತಿ, ಅಂದರೆ ಆಟಗಾರರ ಸಂಬಳದ ಲೆಕ್ಕ ದಾಟಬಾರದ ಗೆರೆ, ಸುಮಾರು 12 ಕೋಟಿ ಡಾಲರ್.

ಸುಮ್ನೆ ಮಿತಿ ನೋಡಿದರೆ ಸಾಲದು, ಕೆಳಗೂ ಒಂದು ಗೆರೆ ಇದೆ. 2013ರಿಂದ 2016ರವರೆಗೆ 4 ವರ್ಷದ್ದು ಒಟ್ಟು ಸೇರಿಸಿ, ಮಿತಿಯ ಶೇ 89ರಷ್ಟನ್ನು ಪ್ರತಿ ತಂಡ ನಗದಾಗಿ ಕೊಡಲೇಬೇಕಿತ್ತು. ಹಾಗಾಗಿ ಒಂದು ವರ್ಷ ಕೈ ಬಿಗಿ ಹಿಡಿದ ಕೂಡಲೇ ಮಾಲೀಕರನ್ನು ಜಿಪುಣರು ಅನ್ನಬೇಡಿ.

ಈಗ ಬೋನಸ್. ಎಲ್ಲರೂ ಎಡವುವುದು ಇಲ್ಲೇ. ಮಂಡಿಯಿಂದ ಅಡ್ವಾನ್ಸ್ ತಂದರೆ ದುಡ್ಡು ಇವತ್ತೇ ಕೈಗೆ ಬರುತ್ತದೆ, ಲೆಕ್ಕ ಮಾತ್ರ ಮುಂದಿನ ಫಸಲುಗಳಲ್ಲಿ ತೀರುತ್ತದೆ, ಅಲ್ವಾ? ಇದೂ ಹಾಗೇ. ಒಬ್ಬ ಆಟಗಾರನಿಗೆ 5 ವರ್ಷದ ಕರಾರಿಗೆ 2 ಕೋಟಿ ಡಾಲರ್ ಸಹಿ ಬೋನಸ್ ಕೊಟ್ಟರು ಅಂದುಕೊಳ್ಳಿ. ಮಿತಿಯ ಲೆಕ್ಕಕ್ಕೆ ವರ್ಷಕ್ಕೆ 40 ಲಕ್ಷ. ಎರಡೇ ವರ್ಷಕ್ಕೆ ಅವನನ್ನು ಕೈಬಿಟ್ಟರೆ ಉಳಿದ 1 ಕೋಟಿ 20 ಲಕ್ಷ ತಂಡದ ತಲೆಗೇ, ಆಟಗಾರನೂ ಇಲ್ಲ! ಇದಕ್ಕೆ ಅಲ್ಲಿ ‘ಡೆಡ್ ಮನಿ’ ಅಂತಾರೆ.

ಕರಾರಿನ ಸುದ್ದಿ ಬಂದಾಗ ಒಟ್ಟು ಮೊತ್ತ ಬಿಟ್ಟುಬಿಡಿ, ಅದು ಜಾಸ್ತಿ ಬರೀ ಜಂಬ. ಎಷ್ಟು ದುಡ್ಡು ಖಾತ್ರಿಯಾಗಿ ಸಿಗುತ್ತದೆ, ಎಷ್ಟು ಬೋನಸ್, ಅಷ್ಟೇ ನೋಡಿ.